ದೊಡ್ಡಪ್ಪ ಎರಡೋ, ಮೂರೋ?

ನಮ್ಮ ದೊಡ್ಡಪ್ಪನಿಗೆ ಹರ್ನಿಯಾ ಆಪರೇಷನ್ ಆಗಬೇಕಿತ್ತು. ಮಂಡ್ಯದ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು ನೋಡಿ, ಕೇಸ್ ಶೀಟಿನಲ್ಲಿ 'ಎಎಸ್‌ಎ 2' ಎಂದು ಬರೆದರು. ಆಪರೇಷನ್ನಿಗೆ ಮುಂಚೆ ರೋಗಿಯ ದೇಹಸ್ಥಿತಿಗೆ ಹಾಕುವ ದರ್ಜೆ ಅದು, ಅಂಕಿ ಏರಿದಷ್ಟೂ ಸ್ಥಿತಿ ಕೆಟ್ಟದ್ದು. ಮಗನ ಮನೆ ಹತ್ತಿರ ಇರಲಿ ಎಂದು ಮೈಸೂರಿಗೆ ಹೋದರೆ ಅಲ್ಲಿ 3 ಆಯಿತು. ನಡುವೆ ಒಂದೇ ವಾರ. "ನಾನೇನು ಕಬ್ಬಿನ ಲೋಡಾ, ಒಂದೊಂದು ವೇಬ್ರಿಡ್ಜಲ್ಲಿ ಒಂದೊಂದು ತೂಕ ಬರೋಕೆ?" ಎಂದು ದೊಡ್ಡಪ್ಪ ರೇಗಿದರು.

ಈ ಅಂಕಿ ಹುಟ್ಟಿದ್ದು ಅಮೆರಿಕದಲ್ಲಿ. ಬೇರೆ ಬೇರೆ ಆಸ್ಪತ್ರೆಗಳ ದಾಖಲೆ ಹೋಲಿಸಲು ಒಂದು ಅಳತೆ ಮಾಡಿಕೊಡಿ ಎಂದು ಅಲ್ಲಿನ ಅರಿವಳಿಕೆ ತಜ್ಞರ ಸಂಘ, ಅಂದರೆ ಎಎಸ್‌ಎ, ಮೂವರಿಗೆ ಹೇಳಿತ್ತು. ಅವರಲ್ಲೊಬ್ಬರಾದ ಡಾ. ಮೇಯರ್ ಸಕ್ಲಾಡ್ 1941ರಲ್ಲಿ ಅದನ್ನು ಪ್ರಕಟಿಸಿದರು. ಆಪರೇಷನ್ನಿನ ಅಪಾಯ ಅಳೆಯುವ ಗೋಜಿಗೆ ಅವರು ಬೇಕಂತಲೇ ಹೋಗಲಿಲ್ಲ. ಆಪರೇಷನ್ ಯಾವುದು, ಸರ್ಜನ್ ಕೈ ಎಂಥದ್ದು, ಇವೆಲ್ಲ ಸೇರಿ ತಾನೇ ಅಪಾಯ? ನಾವು ರೋಗಿಯ ದೇಹಸ್ಥಿತಿ ಮಾತ್ರ ನೋಡೋಣ ಅಂದರು. ಇವತ್ತು ಎಲ್ಲರೂ ಅದನ್ನು ಅಪಾಯದ ಅಂಕಿ ಎಂದೇ ಓದುತ್ತಾರೆ, ಅದು ಬೇರೆ ಮಾತು.

1960ರ ದಶಕದ ಶುರುವಿನಲ್ಲಿ ಅದು ಐದು ದರ್ಜೆಯಾಯಿತು. ಆಮೇಲೆ ಮಿದುಳು ನಿಷ್ಕ್ರಿಯವಾದ ಅಂಗದಾನಿಗಳಿಗೆಂದು ಆರನೆಯದು ಬಂತು. ಗಟ್ಟಿಮುಟ್ಟಾದವರು 1, ಆಪರೇಷನ್ ಇಲ್ಲದಿದ್ದರೆ ಉಳಿಯದವರು 5. ಅಲ್ಲಿ ಅಷ್ಟು ಜಗಳವಿಲ್ಲ. ತಕರಾರು ಜಾಸ್ತಿ ನಡುವೆಯೇ. ಕಾಯಿಲೆ ಸೌಮ್ಯವಾಗಿದ್ದರೆ 2, ಜೋರಾಗಿದ್ದರೆ 3. ಎಲ್ಲಿಂದ ಜೋರು?

1978ರಲ್ಲಿ ಇದರ ಮೇಲೆ ಒಂದು ಅಧ್ಯಯನ ಪ್ರಕಟವಾಯಿತು. ಹತ್ತು ಕಾಲ್ಪನಿಕ ರೋಗಿಗಳ ವಿವರ ಕಳಿಸಿ, 235 ಅರಿವಳಿಕೆ ತಜ್ಞರಿಂದ ಅಂಕಿ ಹಾಕಿಸಿದ್ದರು. ನಾಲ್ವರು ರೋಗಿಗಳ ವಿಷಯದಲ್ಲಿ ಉತ್ತರಗಳು ದಿಕ್ಕಾಪಾಲಾದವು. ಜಗಳ ತಂದದ್ದು ವಯಸ್ಸು, ಬೊಜ್ಜು, ಹಿಂದೆ ಆಗಿದ್ದ ಹೃದಯಾಘಾತ, ರಕ್ತಹೀನತೆ. ನಮ್ಮೂರ ವಾರ್ಡುಗಳಲ್ಲಿ ಇವುಗಳಲ್ಲಿ ಒಂದೂ ಇಲ್ಲದವರನ್ನು ಹುಡುಕಬೇಕು!

ಸಂಘ ಕೊನೆಗೆ 2014ರಲ್ಲಿ ಉದಾಹರಣೆಗಳ ಪಟ್ಟಿ ಕೊಟ್ಟಿತು. ಸಿಗರೇಟು ಸೇದುವವರು 2. ಎತ್ತರಕ್ಕೆ ತೂಕ ಎಷ್ಟು ಎಂದು ಹೇಳುವ ಬಿಎಂಐ 40 ಮುಟ್ಟಿದರೆ 3. ಶುಗರ್ ಹತೋಟಿಯಲ್ಲಿದ್ದರೆ 2, ತಪ್ಪಿದ್ದರೆ 3. 2020ರಲ್ಲಿ ಮಕ್ಕಳ, ಗರ್ಭಿಣಿಯರ ಉದಾಹರಣೆಗಳೂ ಸೇರಿದವು. ಆದರೆ ಹತೋಟಿ ಅಂದರೆ ಎಷ್ಟು ಎಂಬ ಲೆಕ್ಕ ಆ ಪಟ್ಟಿಯಲ್ಲಿಲ್ಲ.

ದೊಡ್ಡಪ್ಪ ಸಿಕ್ಕಿಬಿದ್ದದ್ದು ಅಲ್ಲೇ. ಮಂಡ್ಯದಲ್ಲಿ ನೋಡಿದ್ದು ಖಾಲಿ ಹೊಟ್ಟೆಯ ಶುಗರ್. ಹಿಂದಿನ ರಾತ್ರಿ ಅವರು ಮುದ್ದೆ ಬಿಟ್ಟು, ಸುಮ್ನೆ ಮಜ್ಜಿಗೆ ಕುಡಿದು ಮಲಗಿದ್ದರು. ಮೈಸೂರಿನಲ್ಲಿ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾಡಿಸಿದರು. ಆ ಮೂರು ತಿಂಗಳಲ್ಲಿ ಎರಡು ಮದುವೆ, ಒಂದು ಗೃಹಪ್ರವೇಶ. ಯಾವುದರಲ್ಲೂ ಅವರು ಒಬ್ಬಟ್ಟು ಬಿಟ್ಟಿರಲಿಲ್ಲ.