ಸ್ಪೇನಿನ ವೈನ್: ಮಣ್ಣಿನ ಕೈಯಲ್ಲಿ ನೀರಿನ ಲೆಕ್ಕ

ಸುಣ್ಣದ ನೆಲದ ದ್ರಾಕ್ಷಿಯಿಂದ ಮಾಡಿದ ವೈನಿನಲ್ಲಿ ಸುಣ್ಣದ ರುಚಿ ಸಿಗುತ್ತದೆ ಎಂದು ವೈನ್ ಮಾರುವವರು ಹೇಳುವುದುಂಟು. ಕಲ್ಲಿನ ರುಚಿ ಬೇರಿನಿಂದ ಹಣ್ಣಿಗೆ ಹಾಗೆ ಏರುವುದಿಲ್ಲ. ಬಳ್ಳಿಗೆ ಯಾವಾಗ, ಎಷ್ಟು ನೀರು ಎಂಬುದನ್ನು ತೀರ್ಮಾನಿಸುವುದೇ ಮಣ್ಣಿನ ದೊಡ್ಡ ಕೆಲಸ. ಶೆರ್ರಿ ಎಂಬ, ಆಲ್ಕೊಹಾಲು ಏರಿಸಿದ ವೈನಿನ ತವರಾದ ಹೆರೆಸ್‌ನಲ್ಲಿ ಇದು ಎದ್ದು ಕಾಣುತ್ತದೆ.

ಸ್ಪೇನಿನ ದಕ್ಷಿಣ ತುದಿಯ ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. ಅದರಲ್ಲಿ ಹೆಚ್ಚಿನದು ಚಳಿಗಾಲದ ಆಸುಪಾಸಿನಲ್ಲೇ ಸುರಿದು ಮುಗಿಯುತ್ತದೆ. ಹಣ್ಣು ಬಲಿಯುವ ಬೇಸಿಗೆ ಒಣಒಣ. ಬಳ್ಳಿಯನ್ನು ಉಳಿಸುವುದು ಆಲ್ಬರೀಸಾ ಎಂಬ ಬಿಳಿ ಸುಣ್ಣದ ಮಣ್ಣು. ಒಂದು ಕಾಲದಲ್ಲಿ ಕಡಲ ತಳವಾಗಿದ್ದ ಈ ನೆಲ ಮಳೆಯನ್ನು ಸ್ಪಂಜಿನಂತೆ ಹೀರಿಕೊಳ್ಳುತ್ತದೆ. ಬಿಸಿಲೇರಿದಾಗ ಮೇಲ್ಪದರ ಗಟ್ಟಿಯಾಗಿ ಒಳಗಿನ ತೇವ ಆವಿಯಾಗದಂತೆ ಮುಚ್ಚಿಕೊಳ್ಳುತ್ತದೆ. ಆದರೆ ತೋಟಗಳಿರುವುದು ಇಳಿಜಾರಿನಲ್ಲಿ. ಸುಮ್ಮನೆ ಬಿಟ್ಟರೆ ನೀರು ಮಣ್ಣನ್ನೂ ಹೊತ್ತುಕೊಂಡು ಹರಿದುಹೋಗುತ್ತದೆ. ಅದಕ್ಕೇ ಕೊಯ್ಲಾದ ಮೇಲೆ ಸಾಲುಗಳ ನಡುವೆ ಆಯತಾಕಾರದ ಗುಂಡಿ ತೆಗೆದು ಅಡ್ಡ ಬದು ಹಾಕುತ್ತಾರೆ. ಮಳೆ ಇಂಗಿದ ಮೇಲೆ ಮತ್ತೆ ನೆಲ ಸಮ ಮಾಡುತ್ತಾರೆ. ಈ ಪದ್ಧತಿಗೆ ಅಸೆರ್ಪಿಯಾ ಎಂದು ಹೆಸರು.

ಸುಣ್ಣದ ಕಾಟವೂ ಇದೆ. 1894ರಲ್ಲಿ ಫಿಲೋಕ್ಸೆರಾ ಎಂಬ ಬೇರುಹೇನು ಇಲ್ಲಿಗೂ ಬಂತು. ಅದನ್ನು ತಾಳುವ ಅಮೆರಿಕ ಮೂಲದ ಬೇರುಸಸಿಗೆ ಕಸಿ ಕಟ್ಟದೆ ಗತಿಯಿರಲಿಲ್ಲ. ಅವುಗಳಲ್ಲಿ ಹಲವಕ್ಕೆ ಸುಣ್ಣದ ಮಣ್ಣಿನಿಂದ ಕಬ್ಬಿಣ ಹೀರಲು ಆಗದು. ಎಲೆಯ ನರ ಹಸಿರಾಗಿ ಉಳಿದು ನಡುವೆಲ್ಲ ಹಳದಿಯಾಗುತ್ತದೆ, ಇಳುವರಿ ಕುಸಿಯುತ್ತದೆ. 41 ಬಿ ಯಂಥ ಸುಣ್ಣ ತಾಳುವ ಬೇರುಸಸಿಗಳಿಗೆ ಇಲ್ಲಿ ಬೆಲೆ ಬಂದದ್ದು ಹೀಗೆ.

ಹೆರೆಸ್‌ನ ಹವೆ ತೋಟಕ್ಕೇ ನಿಲ್ಲದೆ ಉಗ್ರಾಣದೊಳಗೂ ಕೈಯಾಡಿಸುತ್ತದೆ. ಪಾಲೊಮಿನೊ ದ್ರಾಕ್ಷಿಯ ವೈನು ತಾನಾಗಿ ತೀರಾ ಸಪ್ಪೆ. ಅದರ ಆಲ್ಕೊಹಾಲನ್ನು ಶೇ. 15ಕ್ಕೆ ಏರಿಸಿ, 600 ಲೀಟರಿನ ಪೀಪಾಯಿಗೆ ಸುಮಾರು 500 ಲೀಟರ್ ತುಂಬಿ, ಮೇಲೆ ಗಾಳಿಗೆ ಜಾಗ ಬಿಡುತ್ತಾರೆ. ಆಗ ಫ್ಲೋರ್ ಎಂಬ ಯೀಸ್ಟ್ ಬಿಳಿ ಕೆನೆಯಾಗಿ ಹರಡಿ ವೈನಿಗೆ ಗಾಳಿ ತಾಕದಂತೆ ಕಾಯುತ್ತದೆ, ವೈನಿನಲ್ಲಿರುವ ಗ್ಲಿಸರಾಲನ್ನು ತಿಂದು ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕ ಬಿಡುತ್ತದೆ. ಹೀಗೆ ಕೆನೆಯಡಿ ಮಾಗುವ ಫೀನೊ ಶೆರ್ರಿಯ ಚುರುಕು ವಾಸನೆಗೆ ಮೂಲ ಅದು. ಆಲ್ಕೊಹಾಲು ಶೇ. 17 ದಾಟಿದರೆ ಫ್ಲೋರ್ ಸಾಯುತ್ತದೆ. ಒಲೊರೊಸೊ ಎಂಬ ಇನ್ನೊಂದು ಬಗೆಯ ಶೆರ್ರಿ ಬೇಕಾದಾಗ ಬೇಕೆಂದೇ ಹಾಗೆ ಮಾಡುತ್ತಾರೆ. ಒಣ ಪೂರ್ವಗಾಳಿಯ ಬಿಸಿಗೂ ಕೆನೆ ತೆಳುವಾಗುತ್ತದೆ, ವೈನು ಕಂದುಗಟ್ಟುತ್ತದೆ. ಅದಕ್ಕೆ ಬೇಸಿಗೆಯಲ್ಲಿ ಉಗ್ರಾಣದ ನೆಲಕ್ಕೆ ನೀರು ಚಿಮುಕಿಸಿ, ಅಟ್ಲಾಂಟಿಕ್ ಕಡೆಯ ತೇವದ ಗಾಳಿಗೆ ಕಿಟಕಿ ತೆರೆಯುತ್ತಾರೆ. ಕಡಲಂಚಿನ ಸಾನ್‌ಲೂಕರ್‌ನಲ್ಲಿ ವರ್ಷವಿಡೀ ಕೆನೆ ದಪ್ಪ. ಅಲ್ಲಿಯ ಮಾನ್ಸಾನಿಯಾ ಎಂಬ ಶೆರ್ರಿ ಫೀನೊಗಿಂತ ತೆಳುವಾಗಿರುವುದು ಆ ಕಾರಣಕ್ಕೆ.

ಸ್ಪೇನಿನ ವಾಯವ್ಯದ ರಿಯಾಸ್ ಬೈಶಾಸ್‌ನಲ್ಲಿ ಸಮಸ್ಯೆ ತಿರುವುಮುರುವು. ಅಲ್ಲಿ 1,600 ಮಿ.ಮೀ. ಆಸುಪಾಸು ಮಳೆ. ಗ್ರಾನೈಟ್ ಸವೆದು ಆದ ಮರಳು ಮಣ್ಣು ನೀರನ್ನು ಬೇಗ ಬಸಿಯುತ್ತದೆ. ಆಲ್ಬರಿನ್ಯೋ ಎಂಬ ತಳಿಯ ದ್ರಾಕ್ಷಿ ಬಳ್ಳಿಯನ್ನು ಎತ್ತರದ ಚಪ್ಪರಕ್ಕೆ ಹಬ್ಬಿಸಿದರೆ ಗೊಂಚಲಿನ ಕೆಳಗೆ ಗಾಳಿಯಾಡಿ ಬೂಷ್ಟು ರೋಗ ಕಡಿಮೆಯಾಗುತ್ತದೆ.

ಕ್ಯಾನರಿ ದ್ವೀಪಗಳ ಲಾನ್ಸರೋಟೆಗೆ ಸಿಗುವುದು ಸುಮಾರು 150 ಮಿ.ಮೀ. ಮಾತ್ರ. 1730ರಿಂದ 1736ರವರೆಗಿನ ಜ್ವಾಲಾಮುಖಿ ಹಳೆಯ ಹೊಲಗಳನ್ನು ಬೂದಿ, ಕರಿಹರಳುಗಳಡಿ ಹೂತಿತು. ರೈತರು ಅದರಲ್ಲೇ ಲಾಳಿಕೆಯಂಥ ಗುಂಡಿ ತೋಡಿ, ಅಡಿಯ ಮಣ್ಣು ಸಿಕ್ಕಲ್ಲಿ ಬಳ್ಳಿ ನೆಟ್ಟು, ಗಾಳಿ ಬರುವ ಕಡೆ ಅರ್ಧಚಂದ್ರಾಕಾರದ ಕಲ್ಲುಗೋಡೆ ಕಟ್ಟಿದರು. ತೂತುತೂತಾದ ಹರಳು ಮಳೆಯನ್ನು ಕೆಳಕ್ಕಿಳಿಸಿ, ಬಿಸಿಲು ಅದನ್ನು ಮರಳಿ ಎಳೆಯದಂತೆ ತಡೆಯುತ್ತದೆ. ಗುಂಡಿಗೆ ಒಂದೆರಡೇ ಬಳ್ಳಿ, ಯಂತ್ರ ಇಳಿಯುವಂತಿಲ್ಲ. ಜಾರಿಬಿದ್ದ ಹರಳನ್ನು ಸಲಿಕೆಯಿಂದಲೇ ಎತ್ತಬೇಕು. ಲಾನ್ಸರೋಟೆಯ ಬಾಟಲಿ ಅಗ್ಗವಾಗುವುದು ಕಷ್ಟ.