ಪಾಯಿಂಟ್ ಹೋಯಿತು, ಡಿಸ್ಟ್ರಿಬ್ಯೂಟರ್ ಉಳಿಯಿತು

ಹಳೆಯ ಪೆಟ್ರೋಲ್ ಕಾರಿನ ಇಗ್ನಿಷನ್ 'ಎಲೆಕ್ಟ್ರಾನಿಕ್' ಆಯಿತು ಎಂದಾಗ ನಿಜವಾಗಿ ಬದಲಾದದ್ದು ಸ್ವಿಚ್ ಮಾತ್ರ. ಕಿಡಿಯನ್ನು ಸರದಿಯಂತೆ ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್, ಅದರ ಮುಚ್ಚಳವಾದ ಕ್ಯಾಪ್, ಒಳಗೆ ತಿರುಗುವ ರೋಟರ್, ದಪ್ಪ ಪ್ಲಗ್ ವೈರುಗಳೆಲ್ಲ ಇದ್ದ ಹಾಗೇ ಇವೆ. ಅವುಗಳ ರೋಗಗಳೂ ಹಾಗೇ ಇವೆ.

ಇಗ್ನಿಷನ್ ಕಾಯಿಲ್‌ನ ಪ್ರೈಮರಿ ಸುರುಳಿಯಲ್ಲಿ 12 ವೋಲ್ಟಿನ ಕರೆಂಟ್ ಹರಿಯುತ್ತಿರುವಾಗ ಅದನ್ನು ಥಟ್ಟನೆ ಕಡಿದರೆ ಸೆಕೆಂಡರಿ ಸುರುಳಿಯಲ್ಲಿ 20,000 ವೋಲ್ಟಿಗೂ ಮೀರಿದ ಒತ್ತಡ ಹುಟ್ಟುತ್ತದೆ. ಈ ಕಡಿಯುವ ಕೆಲಸ ಮೊದಲು ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚುವ ಲೋಹದ ಸಂಪರ್ಕಗಳಾದ ಪಾಯಿಂಟ್‌ಗಳದ್ದು. ಸುಮಾರು 4 ಆಂಪಿಯರ್ ದಾಟಿದರೆ ಅವು ಬೇಗ ಸುಟ್ಟುಹೋಗುತ್ತಿದ್ದವು. ಸವೆದಂತೆಲ್ಲ ಟೈಮಿಂಗ್ (ಕಿಡಿ ಹಾರುವ ಕ್ಷಣ) ತಪ್ಪುತ್ತಿತ್ತು. ಅಮೆರಿಕದ ಕ್ರೈಸ್ಲರ್ 1973ರಲ್ಲಿ ಅಲ್ಲಿನ ತನ್ನ ಕಾರುಗಳಿಗೆಲ್ಲ ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸಿತು.

ಇದರಲ್ಲಿ ಡಿಸ್ಟ್ರಿಬ್ಯೂಟರಿನ ಶಾಫ್ಟಿನ ಮೇಲೆ ಸಿಲಿಂಡರಿಗೊಂದರಂತೆ ಹಲ್ಲಿರುವ ಚಕ್ರ, ಪಕ್ಕದಲ್ಲಿ ಆಯಸ್ಕಾಂತವಿರುವ ಪಿಕಪ್ ಕಾಯಿಲ್. ಹಲ್ಲು ಹತ್ತಿರ ಬಂದು ದಾಟುವಾಗ ಪಿಕಪ್‌ನ ವೋಲ್ಟೇಜ್ ಏರಿ ತಿರುಗುಮುರುಗಾಗುತ್ತದೆ. ಅದೇ ಕ್ಷಣಕ್ಕೆ ಎಲೆಕ್ಟ್ರಾನಿಕ್ ಪೆಟ್ಟಿಗೆಯಾದ ಮಾಡ್ಯೂಲ್‌ನ ಟ್ರಾನ್ಸಿಸ್ಟರ್ ಕರೆಂಟ್ ಕಡಿಯುತ್ತದೆ. ನಡುವಿನ ಸಂದು ಹಲವು ಮಾದರಿಗಳಲ್ಲಿ 0.2ರಿಂದ 0.4 ಮಿಲಿಮೀಟರ್. ಅಳೆಯಲು ಹಿತ್ತಾಳೆಯ ಗೇಜ್ ಬೇಕು. ಉಕ್ಕಿನದ್ದು ಆಯಸ್ಕಾಂತಕ್ಕೆ ಅಂಟಿ ಅಳತೆ ಕೆಡಿಸುತ್ತದೆ.

ನಾಲ್ಕು ಸಿಲಿಂಡರಿನ ಎಂಜಿನ್ 6000 ಆರ್‌ಪಿಎಂನಲ್ಲಿ ಓಡುವಾಗ ಸೆಕೆಂಡಿಗೆ 200 ಕಿಡಿ ಬೇಕು, ಅಂದರೆ ಒಂದೊಂದಕ್ಕೆ ಸಿಗುವುದು 5 ಮಿಲಿಸೆಕೆಂಡ್. ಅಷ್ಟರಲ್ಲಿ ಇಗ್ನಿಷನ್ ಕಾಯಿಲ್ ಶಕ್ತಿ ತುಂಬಿಕೊಳ್ಳಬೇಕು. ಪಾಯಿಂಟ್ ತಡೆಯದಷ್ಟು ಕರೆಂಟನ್ನು ಟ್ರಾನ್ಸಿಸ್ಟರ್ ತಡೆಯುತ್ತದೆ, ಹಾಗಾಗಿ ಕಡಿಮೆ ರೋಧದ, ಬೇಗ ತುಂಬುವ ಕಾಯಿಲ್ ಬಳಸಬಹುದು.

ಮಾಡ್ಯೂಲಿನ ಶತ್ರು ಶಾಖ. ಬಿಸಿಯಾದಾಗ ಎಂಜಿನ್ ನಿಂತು, ತಣಿದ ಮೇಲೆ ಏನೂ ಆಗದಂತೆ ಸ್ಟಾರ್ಟ್ ಆದರೆ ಮೊದಲ ಅನುಮಾನ ಅದರ ಮೇಲೆಯೇ. ಹೊಸದನ್ನು ಕೂರಿಸುವಾಗ ತಯಾರಕರು ಹೇಳಿದ್ದರೆ ಅಡಿಗೆ ಶಾಖ ಸಾಗಿಸುವ ಪೇಸ್ಟ್ ಹಚ್ಚಲೇಬೇಕು. ಎಂಜಿನ್ ಓಡುವಾಗಲೇ ಪ್ಲಗ್ ವೈರ್ ಕಿತ್ತು ನೋಡುವ ಹಳೆಯ ಚಾಳಿ ಇಲ್ಲಿ ದುಬಾರಿ: ಹರಿಯಲು ದಾರಿ ಕಾಣದ ವೋಲ್ಟೇಜ್ ಕಾಯಿಲ್ ಅಥವಾ ರೋಟರಿನ ಇನ್ಸುಲೇಷನ್ನನ್ನೇ ಸೀಳಬಹುದು, ಮಾಡ್ಯೂಲನ್ನೂ ಕೊಲ್ಲಬಹುದು.

ಮಳೆಗಾಲದಲ್ಲಿ ಸ್ಟಾರ್ಟ್ ಆಗದಿದ್ದರೆ ಕ್ಯಾಪ್ ಬಿಚ್ಚಿ ನೋಡಿ. ಕೂದಲೆಳೆಯಂಥ ಬಿರುಕಿನಲ್ಲಿ ಕಪ್ಪು ಗೆರೆ ಕಂಡರೆ ಕಿಡಿ ಅಡ್ಡದಾರಿ ಹಿಡಿದಿದೆ ಎಂದರ್ಥ. ಒರೆಸಿ ಪ್ರಯೋಜನವಿಲ್ಲ, ಕ್ಯಾಪ್ ಬದಲಿಸಿ.

ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಮುಗ್ಗರಿಸುವ ಎಂಜಿನ್ ಎಂಥವರನ್ನೂ ಯಾಮಾರಿಸುತ್ತದೆ. ಎಂಜಿನ್ನಿನ ನಿರ್ವಾತಕ್ಕೆ ತಕ್ಕಂತೆ ಟೈಮಿಂಗ್ ಹೊಂದಿಸುವ ವ್ಯಾಕ್ಯೂಮ್ ಅಡ್ವಾನ್ಸ್, ಪಿಕಪ್ ಕೂತಿರುವ ತಟ್ಟೆಯನ್ನು ಅತ್ತಿತ್ತ ಎಳೆಯುತ್ತಲೇ ಇರುವುದರಿಂದ ಪಿಕಪ್ಪಿನ ಸಣ್ಣ ವೈರು ಹೊದಿಕೆಯ ಒಳಗೇ ತುಂಡಾಗಿರಬಹುದು, ಹೊರಗೆ ಕಾಣುವುದಿಲ್ಲ. ಇಗ್ನಿಷನ್ ಆಫ್ ಮಾಡಿ, ಪಿಕಪ್ ಕನೆಕ್ಟರ್ ಬಿಡಿಸಿ ಮೀಟರ್ ಹಚ್ಚಿ, ತಟ್ಟೆಯನ್ನು ಕೈಯಿಂದ ಅಲುಗಿಸಿ. ಓಮ್ ಅಂಕಿ ಕುಣಿದರೆ ಕಳ್ಳ ಸಿಕ್ಕಂತೆ.