ಹೇಡಿಯನ್: ಬರೀ ಬೆಂಕಿಯ ಕಾಲವಲ್ಲ

ಭೂಮಿಯ ಚರಿತ್ರೆಯ ಮೊಟ್ಟಮೊದಲ ಕಾಲವಾದ ಹೇಡಿಯನ್ ಅಂದ ಕೂಡಲೇ ಲಾವಾ ಸಮುದ್ರದ ಚಿತ್ರ ಅಂಟಿಸುವುದು ವಾಡಿಕೆಯೇ ಆಗಿಬಿಟ್ಟಿದೆ. ಐವತ್ತು ಕೋಟಿಗೂ ಜಾಸ್ತಿ ವರ್ಷ ಭೂಮಿ ಸುಮ್ನೆ ಉರಿಯುತ್ತಲೇ ಇತ್ತಂತೆ!

ಹೆಸರಿಟ್ಟವರು ಅಮೆರಿಕದ ಭೂವಿಜ್ಞಾನಿ ಪ್ರೆಸ್ಟನ್ ಕ್ಲೌಡ್, 1972ರಲ್ಲಿ. ಕಲ್ಲುಗಳ ದಾಖಲೆ ಶುರುವಾಗುವ ಮುಂಚಿನ ಕಾಲಕ್ಕೆ ಗ್ರೀಕರ ಪಾತಾಳದ ಒಡೆಯ ಹೇಡಿಸ್‌ನ ಹೆಸರು. (ನಮ್ಮ ‘ಹೇಡಿ’ಗೂ ಇದಕ್ಕೂ ನಂಟಿಲ್ಲ.) ಅವನ ಲೋಕಕ್ಕೂ ಅದೇ ಹೆಸರು. ಎಡವಟ್ಟಾಗುವುದು ಇಲ್ಲೇ. ಅದನ್ನು ‘ನರಕ’ ಎಂದು ಕನ್ನಡಕ್ಕೆ ತಂದ ತಕ್ಷಣ ಕುದಿಯುವ ಎಣ್ಣೆಯ ಕುಂಭೀಪಾಕ ತಲೆಯಲ್ಲಿ ಬಂದು ಕೂರುತ್ತದೆ. ಗ್ರೀಕರ ಹೇಡಿಸ್ ಹಾಗಿಲ್ಲ. ಪಾಪಿಗಳಷ್ಟೇ ಅಲ್ಲ, ಸತ್ತವರೆಲ್ಲ ಹೋಗಿ ನೆರಳಾಗಿ ಅಲೆಯುವ ಮಬ್ಬುಗತ್ತಲ ಜಾಗ ಅದು. ಫ್ಲೆಗೆಥಾನ್ ಎಂಬ ಬೆಂಕಿಹೊಳೆ ಒಂದಿದೆ, ಒಪ್ಪೋಣ. ಆದರೆ ಸ್ಟಿಕ್ಸ್, ಲೀಥಿ ಅಂತ ನೀರಿನ ಹೊಳೆಗಳೂ ಇವೆ. ನಮ್ಮಲ್ಲಿ ವೈತರಣಿ ಇಲ್ವಾ, ಹಾಗೆ.

ಭೂಮಿಯ ಹೇಡಿಯನ್‌ನಲ್ಲೂ ನೀರಿತ್ತು. ಶುರುವಿನಲ್ಲಿ ಬೆಂಕಿ ನಿಜವೇ. ಮಂಗಳನಷ್ಟು ದೊಡ್ಡ ಕಾಯವೊಂದು ಗುದ್ದಿ, ಭೂಮಿ ಕರಗಿ, ಸಿಡಿದ ಚೂರುಗಳಿಂದ ಚಂದ್ರ ಹುಟ್ಟಿತು ಎಂಬುದು ಹೆಚ್ಚಿನವರು ಒಪ್ಪುವ ಮಾತು. ಆಮೇಲಿನ ಕಥೆ ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನ ಜಿರ್ಕಾನ್ ಹರಳುಗಳಲ್ಲಿದೆ. ಒಂದೊಂದೂ ಮರಳಿನ ಕಾಳಿನಷ್ಟು. ಹರಳುಗಟ್ಟುವಾಗ ಜಿರ್ಕಾನ್ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹತ್ತಿರವೂ ಸೇರಿಸುವುದಿಲ್ಲ. ಹಾಗಾಗಿ ಈಗ ಒಳಗಿರುವ ಸೀಸವೆಲ್ಲ ಹೆಚ್ಚುಕಮ್ಮಿ ಯುರೇನಿಯಂ ಕ್ಷಯಿಸಿ ಆದದ್ದೇ. ಎರಡನ್ನೂ ಅಳೆದರೆ ವಯಸ್ಸು ಸಿಗುತ್ತದೆ. ಎಲ್ಲಕ್ಕಿಂತ ಹಳೆಯ ಹರಳಿಗೆ ಸುಮಾರು 440 ಕೋಟಿ ವರ್ಷ. ಭೂಮಿಯೇ 450 ಕೋಟಿ ಚಿಲ್ಲರೆ!

ಈ ಹರಳುಗಳ ಆಕ್ಸಿಜನ್ ಲೆಕ್ಕ 2001ರಲ್ಲಿ ಹೊರಬಂತು. ತೂಕದ ಆಕ್ಸಿಜನ್, ಅಂದರೆ ಆಕ್ಸಿಜನ್-18, ಇರಬೇಕಾದ್ದಕ್ಕಿಂತ ಜಾಸ್ತಿ ಇತ್ತು. ನೆಲದ ಮೇಲೆ ನೀರಿನಲ್ಲಿ ನೆನೆದು ಬದಲಾದ ಕಲ್ಲು ಮತ್ತೆ ಆಳಕ್ಕಿಳಿದು ಕರಗಿದರೆ ಹೀಗಾಗುತ್ತದೆ. ಬರೀ ಲಾವಾ ಇದ್ದಿದ್ದರೆ ನೆನೆಯುವುದು ಎಲ್ಲಿಂದ ಬಂತು?

ಲಾಲ್‌ಬಾಗ್ ಬಂಡೆಗೂ ‘ಹೇಡಿಯನ್’ ಎಂದು ಹಣೆಪಟ್ಟಿ ಹಚ್ಚುವವರಿದ್ದಾರೆ. ಆ ನೈಸ್ (gneiss, ಶಾಖ-ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದ ಕಲ್ಲು) ಬಂಡೆಗೆ ಸುಮಾರು 300 ಕೋಟಿ ವರ್ಷ, ಅದು ಹೇಡಿಯನ್ ಆದಮೇಲೆ ಬಂದ ಆರ್ಕಿಯನ್ ಕಾಲದ್ದು. ಹೇಡಿಯನ್ ಮುಗಿದದ್ದು 403 ಕೋಟಿ ವರ್ಷಗಳ ಹಿಂದೆ. ಅದರ ಗಡಿಕಲ್ಲು ಇರುವುದು ಕೆನಡಾದಲ್ಲಿ, ಅಕಾಸ್ಟಾ ನೈಸ್ ಅಂತ. ನೂರು ಕೋಟಿ ವರ್ಷದ ಅಂತರವನ್ನು ‘ಎಲ್ಲಾ ಒಂದೇ’ ಎನ್ನಲಾಗುವುದಿಲ್ಲ, ಅಲ್ವಾ?